ಕಾಶಿ, ವಾರಣಾಸಿ, ಬಾಣರಾಸಿ

ಕಳೆದ ವರ್ಷ ದೀಪಾವಳಿಯ ಹೊತ್ತಿಗೆ ನಮ್ಮ ಮಹಿಳಾ ವೇದಿಕೆಯ ಕೆಲವರು ಸೇರಿ ಕಾಶಿಗೆ ಹೋಗಿಬರೋಣ ಎಂದುಕೊಂಡೆವು. ವಾಟ್ಸಾಪ್ ಗುಂಪಿನಲ್ಲಿ ಹೋಟೆಲು, ಊಟ, ಸೀರೆಯ ಮಾತಿಗಿಂತ ಮೊದಲು ಶುರುವಾದದ್ದು ಹೆಸರಿನ ಜಗಳ. ಒಬ್ಬರು ರೈಲ್ವೆ ಆಪ್‌ನಲ್ಲಿ ‘ಕಾಶಿ’ ಎಂದು ಹುಡುಕಿ, "ಕಾಶಿ ಅಂತ ಸ್ಟೇಷನ್ ಇದೆ, ಆದರೆ ನಮ್ಮ ರೈಲು ಅಲ್ಲಿಗೆ ತೋರಿಸ್ತಾ ಇಲ್ಲ" ಎಂದರು. ಇನ್ನೊಬ್ಬರಿಗೆ ‘ವಾರಣಾಸಿ ಜಂಕ್ಷನ್’ ಸಿಕ್ಕಿತು. ಮತ್ತೊಬ್ಬರು ‘ಬನಾರಸ್’ ಎಂಬ ನಿಲ್ದಾಣಕ್ಕೆ ಟಿಕೆಟ್ ನೋಡಿ ಸ್ಕ್ರೀನ್‌ಶಾಟ್ ಹಾಕಿದರು. ಆಗ ಹಿರಿಯರಾದ ಆಂಟಿಯೊಬ್ಬರು, "ದಯವಿಟ್ಟು ಬನಾರಸ್ ಅನ್ನಬೇಡಿ, ಅದು ಇಂಗ್ಲಿಷರು ಕೆಡಿಸಿದ ಹೆಸರು. ಶುದ್ಧವಾದದ್ದು ವಾರಣಾಸಿ" ಎಂದು ಬರೆದರು. ಅದಕ್ಕೆ ಹದಿನೈದು ಕೈಜೋಡಿಸಿದ ಎಮೋಜಿಗಳು ಬಂದವು.

ನಾನು ಎಂ.ಟೆಕ್. ಓದಿದ್ದು ಆ ಊರಲ್ಲೇ. ಅಲ್ಲಿ ಎರಡು ವರ್ಷ ಇದ್ದವಳು ಸುಮ್ಮನಿರಲಾರದೆ ಏನೋ ಟೈಪ್ ಮಾಡತೊಡಗಿದೆ, ಅದು ಉದ್ದವಾಯಿತು, ಅಳಿಸಿದೆ. ಅಳಿಸಿದ್ದನ್ನೇ ಈಗ ಸ್ಮರಣ ಸಂಚಿಕೆಗೆ ಬರೆಯುತ್ತಿದ್ದೇನೆ.

ಮೊದಲು ಟಿಕೆಟ್ಟಿನ ಮಾತು ಮುಗಿಸಿಬಿಡುತ್ತೇನೆ. ಒಂದೇ ಊರಿನ ಮೂರು ಹೆಸರಿಗೆ ಮೂರು ರೈಲು ನಿಲ್ದಾಣಗಳಿವೆ. ಊರಿನ ಈಶಾನ್ಯ ತುದಿಯಲ್ಲಿ, ರಾಜಘಾಟ್ ಸೇತುವೆಯ ಹತ್ತಿರ ಇರುವುದು ಕಾಶಿ. ದೊಡ್ಡ ನಿಲ್ದಾಣ ವಾರಣಾಸಿ ಜಂಕ್ಷನ್. ಊರಿನವರು ಅದನ್ನು ‘ಕೈಂಟ್’ ಅನ್ನುತ್ತಾರೆ, ಎಂದರೆ ಕ್ಯಾಂಟೋನ್ಮೆಂಟ್. ಮೂರನೆಯದು ಮಂಡುವಾಡೀಹ್ ಎಂಬ ಹಳೆಯ ನಿಲ್ದಾಣ, ಅದಕ್ಕೆ 2021ರ ಜುಲೈನಲ್ಲಿ ಬನಾರಸ್ ಎಂದು ಹೆಸರಿಟ್ಟರು. ‘ವಾರಣಾಸಿ ಸಿಟಿ’ ಎಂಬ ನಾಲ್ಕನೆಯದೂ ಇದೆ, ಅದನ್ನು ಸದ್ಯಕ್ಕೆ ಬಿಡೋಣ. ತಮಾಷೆ ಏನೆಂದರೆ, ವಾರಣಾಸಿ ಜಂಕ್ಷನ್ನಿನ ಕೋಡ್ ಇವತ್ತಿಗೂ ಬಿಎಸ್‌ಬಿ. ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ಇದು ದಿನನಿತ್ಯದ ಮಾತು: ಪರದೆಯ ಮೇಲೆ ಕಾಣುವ ಹೆಸರನ್ನು ಎಷ್ಟು ಸಲ ಬೇಕಾದರೂ ಬದಲಿಸಬಹುದು, ಒಳಗಿನ ಕೀಲಿಯನ್ನು ಮುಟ್ಟಲು ಎಲ್ಲರಿಗೂ ಭಯ. ಬೆಂಗಳೂರಿನ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ರಂದು ಬದಲಾದರೂ ವಿಮಾನ ನಿಲ್ದಾಣದ ಕೋಡ್ ಬಿಎಲ್‌ಆರ್ ಆಗಿಯೇ ಉಳಿದ ಹಾಗೆ.

ಸರ್ಕಾರಿ ಲೆಕ್ಕದಲ್ಲಿ ಊರಿಗೆ ವಾರಣಾಸಿ ಎಂಬ ಹೆಸರು ಬಂದದ್ದು 1956ರ ಮೇ 24ರಂದು, ಬುದ್ಧಪೂರ್ಣಿಮೆಯ ದಿನ. ಅದೇ ವರ್ಷ ನವೆಂಬರ್‌ನಲ್ಲಿ ನಮ್ಮ ರಾಜ್ಯವೂ ಒಂದಾಯಿತು. ಅದಕ್ಕೆ ಮುಂಚೆ ಇಂಗ್ಲಿಷ್ ಕಾಗದಪತ್ರಗಳಲ್ಲಿ ಆ ಊರು ‘ಬೆನಾರಿಸ್’. ನಾನು ಓದಿದ ವಿಶ್ವವಿದ್ಯಾಲಯದ 1915ರ ಕಾಯ್ದೆಯ ಹೆಸರೂ ಮೊದಲು ಬೆನಾರಿಸ್ ಎಂದೇ ಇತ್ತು, ಈಗ ಬನಾರಸ್ ಆಗಿದೆ. ವಾರಣಾಸಿ ಆಗಲೇ ಇಲ್ಲ.

ನನಗೆ ಅಲ್ಲಿ ಸೀಟು ಸಿಕ್ಕಿದ ವರ್ಷ ಗದಗಿನಲ್ಲಿದ್ದ ಅಜ್ಜಿಗೆ ವಿಷಯ ಹೇಳಲು ಹೋದೆ. "ವಾರಣಾಸಿಗೆ ಹೊಂಟೀನಿ ಅಜ್ಜೀ" ಎಂದೆ. "ಅದೆಲ್ಲಿ ಬಂತವಾ?" ಎಂದು ಕೇಳಿದಳು. ಉತ್ತರ ಪ್ರದೇಶ ಎಂದೆ. ಮುಖದಲ್ಲಿ ಏನೂ ಬದಲಾಗಲಿಲ್ಲ. ಅಪ್ಪ ಪಕ್ಕದಿಂದ, "ಕಾಶಿ, ಅವ್ವಾ, ಕಾಶಿ" ಎಂದ ಮೇಲೆ ಅಜ್ಜಿ ಎದ್ದು ಕೂತಳು. "ಹಂಗ ಹೇಳಬಾರದs? ನನ್ನ ಹೆಸರಿನ ಊರಿಗೆ ಹೊಂಟಾಳ ಹುಡುಗಿ."

ನನಗೆ ಅರ್ಥವಾಗಲಿಲ್ಲ. ಅಜ್ಜಿಯ ಹೆಸರು ರಾಧಾಬಾಯಿ. ರೇಷನ್ ಕಾರ್ಡಿನಲ್ಲಿ, ಪೆನ್ಶನ್ ಪುಸ್ತಕದಲ್ಲಿ, ಮನೆಯ ಬಾಗಿಲಿಗೆ ಬರುವ ಕಾಗದಗಳಲ್ಲಿ ಎಲ್ಲೆಡೆ ರಾಧಾಬಾಯಿ. ಆ ದಿನ ತಿಳಿದದ್ದು: ಅಜ್ಜಿಯ ತವರಿನವರು ಲಕ್ಕುಂಡಿಯ ಕಡೆಯವರು, ಅಲ್ಲಿನ ಕಾಶಿವಿಶ್ವೇಶ್ವರ ಗುಡಿಗೆ ಹರಕೆ ಹೊತ್ತು ಹುಟ್ಟಿದ ಮಗುವಿಗೆ ಕಾಶಿ ಎಂದು ಹೆಸರಿಟ್ಟಿದ್ದರು. ಮದುವೆಯಲ್ಲಿ ಹೆಸರು ಬದಲಾಯಿತು. ಅದರ ಮಾತು ಮುಂದೆ ಬರುತ್ತದೆ.

ಕಾಶಿ ಎಂಬ ಶಬ್ದ ಈ ಮೂರರಲ್ಲಿ ಎಲ್ಲಕ್ಕಿಂತ ಹಳೆಯದೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ‘ಕಾಶ್’ ಎಂದರೆ ಹೊಳೆ, ಬೆಳಗು. ಪ್ರಕಾಶ, ಆಕಾಶಗಳಲ್ಲಿ ಇರುವುದೂ ಅದೇ ಧಾತು. ಕಾಶ ಎಂಬ ಹುಲ್ಲಿನಿಂದ, ಮಳೆಗಾಲ ಮುಗಿಯುವಾಗ ನದಿಯ ದಂಡೆಯಲ್ಲಿ ಬೆಳ್ಳಗೆ ಹೂ ಬಿಡುವ ಎತ್ತರದ ಹುಲ್ಲಿನಿಂದ, ಈ ಹೆಸರು ಬಂತೆನ್ನುವವರೂ ಇದ್ದಾರೆ. ವೇದಗಳ ಕಾಲಕ್ಕೆ ಕಾಶಿ ಎಂಬುದು ಊರಲ್ಲ. ಒಂದು ಜನದ, ಅವರ ನಾಡಿನ ಹೆಸರು. ಬುದ್ಧನ ಕಾಲದ ಹದಿನಾರು ಮಹಾಜನಪದಗಳಲ್ಲಿ ಕಾಶಿ ಒಂದು, ಅದರ ರಾಜಧಾನಿ ವಾರಣಾಸಿ. ಕರ್ನಾಟಕ ಮತ್ತು ಬೆಂಗಳೂರು ಇದ್ದ ಹಾಗೆ ಎಂದುಕೊಳ್ಳಿ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಈ ಹೆಸರು ಒಬ್ಬ ಹೆಂಗಸಿನ ಬಾಯಲ್ಲಿ ಬರುತ್ತದೆ. ಜನಕನ ಸಭೆಯಲ್ಲಿ ಗಾರ್ಗಿ ಯಾಜ್ಞವಲ್ಕ್ಯನ ಎದುರು ಎರಡನೆಯ ಸಲ ಎದ್ದು ನಿಲ್ಲುತ್ತಾಳೆ. ಕಾಶಿಯ ಅಥವಾ ವಿದೇಹದ ವೀರಪುತ್ರನೊಬ್ಬ ಬಿಲ್ಲಿಗೆ ಹೆದೆಯೇರಿಸಿ ಎರಡು ಬಾಣ ಹಿಡಿದು ಬರುವಂತೆ ತಾನು ಎರಡು ಪ್ರಶ್ನೆ ಹಿಡಿದು ಬಂದಿದ್ದೇನೆ ಎಂಬರ್ಥದ ಮಾತು ಹೇಳುತ್ತಾಳೆ. ನಮಗೆ ಕಾಶಿ ಎಂದರೆ ಗಂಗೆ, ವಿಶ್ವನಾಥ, ಮುಕ್ತಿ. ಗಾರ್ಗಿಗೆ ಕಾಶಿ ಎಂದೊಡನೆ ನೆನಪಾದದ್ದು ಬಿಲ್ಲುಗಾರರು. ಈ ಭಾಗ ಓದಿದಾಗೆಲ್ಲ ನನಗೆ ಖುಷಿಯಾಗುತ್ತದೆ.

ವಾರಣಾಸಿಗೆ ಬಂದರೆ, ವರಣಾ ಮತ್ತು ಅಸಿ ಎಂಬ ಎರಡು ಹೊಳೆಗಳ ನಡುವಿನ ಊರು ಎಂದು ಗೈಡುಗಳೆಲ್ಲ ಹೇಳುತ್ತಾರೆ. ಪುರಾಣಗಳೂ ಹಾಗೇ ಹೇಳುತ್ತವೆ. ವರಣಾ, ಈಗಿನ ವರುಣಾ, ಊರಿನ ಉತ್ತರಕ್ಕೆ ಹರಿಯುವ ನಿಜವಾದ ನದಿ. ಅಸಿ ಮೊದಲಿನಿಂದಲೂ ಸಣ್ಣ ತೊರೆ, ಈಗ ಹೆಚ್ಚುಕಡಿಮೆ ಚರಂಡಿ. 1940ರ ಸುಮಾರಿಗೆ ಕಾಶಿ ನಿಲ್ದಾಣ ವಿಸ್ತರಿಸಲು ರಾಜಘಾಟ್‌ನಲ್ಲಿ ಮಣ್ಣು ಅಗೆದಾಗ ಹಳೆಯ ಊರಿನ ಅವಶೇಷಗಳು ಸಿಕ್ಕವು. ವಾರಣಾಸಿಯ ಹೆಸರು ಕೆತ್ತಿದ ಗುಪ್ತರ ಕಾಲದ ಮಣ್ಣಿನ ಮುದ್ರೆಗಳೂ ರಾಜಘಾಟ್‌ನಿಂದ ಬಂದಿವೆ. ಎಂದರೆ ಮೊದಲ ಊರು ಇದ್ದದ್ದು ವರಣಾ ನದಿ ಗಂಗೆಗೆ ಸೇರುವ ಕಡೆ. ಅಸಿ ಅಲ್ಲಿಂದ ಸಾಕಷ್ಟು ದೂರ. ಆದ್ದರಿಂದ ವಿದ್ವಾಂಸರಲ್ಲಿ ಹಲವರು ವರಣಾ ದಂಡೆಯ ಊರಾದ್ದರಿಂದ ವಾರಣಾಸಿ ಎನ್ನುತ್ತಾರೆ. ಅವರ ಪ್ರಕಾರ ಅಸಿಯನ್ನು ಆಮೇಲೆ, ಹೆಸರನ್ನು ಬಿಡಿಸಿ ಅರ್ಥ ಹೇಳಲು ಹೊರಟಾಗ, ತಂದು ಕೂಡಿಸಲಾಯಿತು. ನನಗೂ ಇದೇ ಸರಿ ಅನಿಸುತ್ತದೆ. ಅಸ್ಸಿ ಘಾಟ್‌ನಲ್ಲಿ ಚಹಾ ಕುಡಿಯುತ್ತಾ ಹೀಗೆ ಹೇಳಿ ಬೈಸಿಕೊಂಡದ್ದೂ ಇದೆ.

ಇವಲ್ಲದೆ ಆ ಊರಿಗೆ ಅವಿಮುಕ್ತ, ಆನಂದಕಾನನ, ಮಹಾಶ್ಮಶಾನ ಎಂಬ ಹೆಸರುಗಳಿವೆ. ಜಾತಕ ಕಥೆಗಳಲ್ಲಿ ಪುಷ್ಪವತಿ, ಸುದರ್ಶನ ಎಂದೂ ಬರುತ್ತದೆ. ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಪತಂಜಲಿಯ ಮಹಾಭಾಷ್ಯದಲ್ಲಿ, ಕ್ರಿಸ್ತಪೂರ್ವ 2ನೇ ಶತಮಾನದಲ್ಲಿ, ಸಿಗುವ ಒಂದು ಹೆಸರು. ವ್ಯಾಪಾರಿಗಳು ವಾರಣಾಸಿಯನ್ನು ‘ಜಿತ್ವರೀ’ ಎಂದು ಕರೆಯುತ್ತಾರೆ ಎನ್ನುತ್ತಾನೆ ಆತ. ಜಿತ್ವರೀ ಎಂದರೆ ಗೆಲ್ಲುವವಳು. ಲಾಭ ತರುವ ಊರು ಎಂದು ವರ್ತಕರು ಇಟ್ಟ ಅಡ್ಡಹೆಸರಿರಬೇಕು. ಚೌಕ್‌ನ ಗಲ್ಲಿಯಲ್ಲಿ ಸೀರೆ ಚೌಕಾಸಿ ಮಾಡಿದ ಯಾರನ್ನಾದರೂ ಕೇಳಿ, ಗೆಲ್ಲುವುದು ಯಾರು ಎಂದು ಹೇಳುತ್ತಾರೆ.

ಈಗ ಬನಾರಸ್. ಆಂಟಿ ಹೇಳಿದಂತೆ ಇದು ಇಂಗ್ಲಿಷರು ಕೆಡಿಸಿದ್ದೇ?

ರಾಲ್ಫ್ ಫಿಚ್ ಎಂಬ ಲಂಡನ್ನಿನ ವ್ಯಾಪಾರಿ 1583ರಲ್ಲಿ ‘ಟೈಗರ್’ ಎಂಬ ಹಡಗು ಹತ್ತಿ ಹೊರಟು ಆ ದಶಕದಲ್ಲೇ ಗಂಗೆಯ ಮೇಲೆ ಪ್ರಯಾಣ ಮಾಡಿದ. ಬನಾರಸ್ಸನ್ನು ಕಂಡು ಬರೆದ ಮೊದಲ ಇಂಗ್ಲಿಷರಲ್ಲಿ ಅವನೊಬ್ಬ. ಅವನು ಬರೆದ ಹೆಸರು ‘ಬನ್ನಾರಸ್’, ಕಿವಿಗೆ ಬಿದ್ದದ್ದನ್ನು ಬರೆದಿದ್ದಾನೆ. ಅದೇ ಶತಮಾನದ ಕೊನೆಯಲ್ಲಿ ಅಕ್ಬರನ ಆಸ್ಥಾನದ ಅಬುಲ್ ಫಜಲ್, ಆ ಊರು ಬಾರಾಣಸಿ, ಎಲ್ಲರ ಬಾಯಲ್ಲಿ ಬನಾರಸ್ ಎಂದು ‘ಐನೆ ಅಕ್ಬರಿ’ಯಲ್ಲಿ ದಾಖಲಿಸುತ್ತಾನೆ. ಮೊಘಲರ ಟಂಕಸಾಲೆಯಲ್ಲಿ ಆಮೇಲೆ ಅಚ್ಚಾದ ರೂಪಾಯಿಗಳ ಮೇಲೆ ‘ಮುಹಮ್ಮದಾಬಾದ್ ಬನಾರಸ್’ ಎಂದು ಜೋಡಿ ಹೆಸರಿದೆ. ಅದರಲ್ಲಿ ಮುಹಮ್ಮದಾಬಾದ್ ನಾಣ್ಯದ ಆಚೆ ಯಾರ ನಾಲಿಗೆಗೂ ಹತ್ತಲಿಲ್ಲ. ಹೀಗಾಗಿ ಕಂಪನಿಯವರು ಬರುವ ಹೊತ್ತಿಗೆ ಬನಾರಸ್ ಆಗಲೇ ಊರವರ ಬಾಯಲ್ಲಿತ್ತು. ಅವರು ಮಾಡಿದ ಕೆಲಸ ಅದರ ಮೊದಲ ‘ಬ’ವನ್ನು ‘ಬೆ’ ಮಾಡಿದ್ದು, ಅಷ್ಟೇ.

ಇಂಗ್ಲಿಷಿನ ಹಳೆಯ ಆಂಗ್ಲೋ-ಇಂಡಿಯನ್ ಪದಗಳಿಗೆ ‘ಹಾಬ್ಸನ್-ಜಾಬ್ಸನ್’ ಎಂಬ ಒಂದು ನಿಘಂಟು ಇದೆ, 1886ರದು. ಆ ಪುಸ್ತಕದ ಹೆಸರೇ ಒಂದು ತಪ್ಪು ಕೇಳುವಿಕೆ: ಮೊಹರಮ್ಮಿನಲ್ಲಿ ಎದೆ ಬಡಿದುಕೊಂಡು ‘ಯಾ ಹಸನ್, ಯಾ ಹುಸೇನ್’ ಎಂದು ಕೂಗುವುದು ಬಿಳಿಯ ಸಿಪಾಯಿಗಳ ಬಾಯಲ್ಲಿ ಹಾಬ್ಸನ್-ಜಾಬ್ಸನ್ ಆಯಿತು. ಬರೆದವರು ಹೆನ್ರಿ ಯೂಲ್ ಮತ್ತು ಎ.ಸಿ. ಬರ್ನೆಲ್. ಬರ್ನೆಲ್ ನಮಗೆ ಹೊರಗಿನವನಲ್ಲ, ಮಂಗಳೂರಿನಲ್ಲಿ ಕೆಲಸ ಮಾಡಿದವನು. ದಕ್ಷಿಣ ಭಾರತದ ಲಿಪಿಗಳ ಬಗ್ಗೆ ಅವನ ಪುಸ್ತಕ 1874ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲೇ ಅಚ್ಚಾಯಿತು. ನಿಘಂಟು ಹೊರಬರುವ ಮೊದಲೇ, 1882ರಲ್ಲಿ, ತೀರಿಹೋದ. ‘ಬೆನಾರಿಸ್’ ಪದದ ಕೆಳಗೆ ಆ ನಿಘಂಟು ಪಂಡಿತರು ಹೇಳುವ ವರಣಾ-ಅಸಿ ಕಥೆಯನ್ನು ಕೊಟ್ಟು, ಇದು ಬಹಳ ಅನುಮಾನದ್ದು ಎನ್ನುತ್ತದೆ. ಅಸ್ಸಿ ಘಾಟ್‌ನಲ್ಲಿ ಬೈಸಿಕೊಂಡ ನನಗೆ ಅದನ್ನು ಓದಿ ಸ್ವಲ್ಪ ಸಮಾಧಾನವಾಯಿತು.

ಆದರೆ ಬನಾರಸ್ ಬಗ್ಗೆ ನನ್ನ ಕಣ್ಣು ತೆರೆಸಿದ್ದು ಇಂಗ್ಲಿಷ್ ನಿಘಂಟಲ್ಲ, ನಮ್ಮ ಶ್ರವಣಬೆಳಗೊಳದ ಕಲ್ಲು. ನಮ್ಮ ಶಾಸನಗಳ ಕೊನೆಯಲ್ಲಿ ಒಂದು ಶಾಪ ಇರುತ್ತದೆ, ಶಾಲೆಯಲ್ಲಿ ಓದಿದ್ದು ನಿಮಗೆ ನೆನಪಿರಬಹುದು. ಈ ದಾನವನ್ನು ಕಾಪಾಡಿದವರಿಗೆ ವಾರಣಾಸಿಯಲ್ಲಿ ಸಾವಿರ ಕವಿಲೆಗಳ ಕೊಂಬು ಗೊರಸಿಗೆ ಚಿನ್ನ ಕಟ್ಟಿಸಿ ದಾನ ಕೊಟ್ಟ ಫಲ. ಅಳಿಸಿದವರಿಗೆ ಅಲ್ಲಿಯೇ ಅಷ್ಟು ಕವಿಲೆಗಳನ್ನು ಕೊಂದ ಪಾಪ. ಕವಿಲೆ ಎಂದರೆ ಕಪಿಲೆ, ಹಸು. ಸಾವಿರ ವರ್ಷಕ್ಕೂ ಹಿಂದೆ ಗಂಗೆಯನ್ನು ಒಮ್ಮೆಯೂ ನೋಡದ ನಮ್ಮ ಹಳ್ಳಿಯ ರೈತ ಆ ಊರಿನ ಹೆಸರನ್ನು ತನ್ನ ಕೆರೆಯ ದಂಡೆಯ ಕಲ್ಲಿನಿಂದ ಬಲ್ಲವನಾಗಿದ್ದ. ಹೀಗೆ ಬರುವಾಗ ಹೆಸರು ಎಷ್ಟೋ ಕಡೆ ‘ವಾರಣಾಸಿ’, ಹಲವು ಕಡೆ ‘ಬಾರಣಾಸಿ’. 12ನೇ ಶತಮಾನದ ಶ್ರವಣಬೆಳಗೊಳದ ಶಾಸನಗಳಲ್ಲಿ ಇಂಥದೇ ಒಂದು ಶಾಪಪದ್ಯವಿದೆ. ಕುರುಕ್ಷೇತ್ರದಲ್ಲಿ ಮತ್ತು ಇನ್ನೊಂದು ಊರಿನಲ್ಲಿ ಕೋಟಿಗಟ್ಟಲೆ ಮುನಿಗಳನ್ನು, ಕವಿಲೆಗಳನ್ನು, ವೇದ ಬಲ್ಲವರನ್ನು ಕೊಂದ ಅಪಕೀರ್ತಿ ತಗಲಲಿ ಎಂದು ಕಲ್ಲಿನ ಅಕ್ಷರ ಸಾರುತ್ತದೆ. ಆ ಇನ್ನೊಂದು ಊರಿನ ಹೆಸರು ಅಲ್ಲಿ ‘ಬಾಣರಾಸಿ’.

ಬಾಣರಾಸಿ! ಮೊದಲ ಸಲ ಓದಿದಾಗ ಬಾಣಗಳ ರಾಶಿ ಎಂದುಕೊಂಡೆ, ಗಾರ್ಗಿಯ ಬಿಲ್ಲುಗಾರ ನೆನಪಾದ. ಅಲ್ಲ, ಇದು ವಾರಣಾಸಿಯೇ. ‘ವ’ ಹೋಗಿ ‘ಬ’ ಬಂದಿದೆ; ‘ರ’ ಮತ್ತು ‘ಣ’ ಜಾಗ ಬದಲಿಸಿಕೊಂಡಿವೆ. ಫಿಚ್ ಹಡಗು ಹತ್ತುವುದಕ್ಕೆ ನಾನೂರಕ್ಕೂ ಹೆಚ್ಚು ವರ್ಷ ಮೊದಲು, ಬನಾರಸ್ಸಿನ ರೂಪ ಕನ್ನಡದ ಕಲ್ಲಿನ ಮೇಲಿತ್ತು. ಅದೂ ಜೈನರ ಕ್ಷೇತ್ರದಲ್ಲಿ. (ಪಾರ್ಶ್ವನಾಥ ತೀರ್ಥಂಕರರು ಹುಟ್ಟಿದ್ದು ವಾರಣಾಸಿಯಲ್ಲಿ ಎಂಬುದು ಜೈನ ಪರಂಪರೆ, ಹೀಗಾಗಿ ಅವರಿಗೂ ಅದು ಪವಿತ್ರವೇ.)

ಇದರಲ್ಲಿ ಕೆಡುವುದು ಏನೂ ಇಲ್ಲ. ವಸತಿ ಬಸದಿಯಾಯಿತು, ವೀರ ಬೀರನಾದ, ವರ್ಣ ಬಣ್ಣವಾಯಿತು. ‘ಬಣ್ಣ’ ಎನ್ನುವಾಗ ನಾವು ಯಾರೂ ಕೆಟ್ಟ ಶಬ್ದ ಆಡಿದೆವೆಂದು ನಾಲಿಗೆ ಕಚ್ಚಿಕೊಳ್ಳುವುದಿಲ್ಲ. 13ನೇ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಟುಗಳಿಗಾಗಿಯೇ ಅಪಭ್ರಂಶ ಪ್ರಕರಣ ಎಂದು ಒಂದು ಭಾಗ ಇಟ್ಟಿದ್ದಾನೆ. ಅಕ್ಷರ ಜಾಗ ಬದಲಿಸುವುದೂ ಎಲ್ಲ ಭಾಷೆಗಳಲ್ಲಿ ನಡೆಯುತ್ತದೆ. ಲಖ್ನೋ ಊರನ್ನು ಅಲ್ಲಿನ ಹಳಬರು ‘ನಖ್ಲೌ’ ಎನ್ನುತ್ತಾರೆ. ಆಂಟಿಗೆ ನಾನು ಹೇಳಬೇಕೆಂದುಕೊಂಡದ್ದು ಇಷ್ಟೇ: ಬನಾರಸ್ ಅನ್ನುವುದಕ್ಕೆ ನಾಚಿಕೆ ಬೇಡ, ಅದಕ್ಕೆ ನಮ್ಮದೇ ಶಾಸನದ ಸಾಕ್ಷಿ ಇದೆ.

ಶಾಪದಲ್ಲಿ ಮಾತ್ರವಲ್ಲ, ಲೆಕ್ಕಪತ್ರದಲ್ಲೂ ಆ ಊರಿತ್ತು. ಹೊಯ್ಸಳ ಮೂರನೇ ನರಸಿಂಹ 1279ರಲ್ಲಿ ಹೆಬ್ಬಾಲೆ ಎಂಬ ಊರಿನ ಉತ್ಪನ್ನವನ್ನು ವಾರಣಾಸಿಗಾಗಿ ಬಿಟ್ಟುಕೊಟ್ಟ. ಅಲ್ಲಿ ತುರುಷ್ಕರು ಹಾಕುತ್ತಿದ್ದ ತೆರಿಗೆಯನ್ನು ಯಾತ್ರಿಕರ ಪರವಾಗಿ ಕಟ್ಟುವುದಕ್ಕೆ. ಕನ್ನಡಿಗರಿಗೆ ಮಾತ್ರ ಎಂದೂ ಇಲ್ಲ. ತೆಲುಗರು, ತುಳುವರು, ತಿರಹುತ, ಗೌಡ ದೇಶದವರೂ ಅದರಲ್ಲಿ ಸೇರಿದ್ದಾರೆ. ಕರ್ನಾಟಕದ ಹಳ್ಳಿಯೊಂದರ ಬತ್ತ ರಾಗಿಯ ದುಡ್ಡಿನಲ್ಲಿ ಬಿಹಾರ, ಬಂಗಾಳದವರು ಗಂಗೆಯಲ್ಲಿ ಮುಳುಗು ಹಾಕುವುದು. ಇದನ್ನು ನಮ್ಮ ಪಠ್ಯಪುಸ್ತಕದಲ್ಲಿ ಯಾಕೆ ದೊಡ್ಡದಾಗಿ ಬರೆದಿರಲಿಲ್ಲ ಎಂದು ನನಗೆ ಇವತ್ತಿಗೂ ಸಿಟ್ಟಿದೆ.

ಊರಿನೊಳಗೂ ನಮ್ಮ ಗುರುತುಗಳಿವೆ. ಗೊದೌಲಿಯಾದಿಂದ ಸ್ವಲ್ಪ ನಡೆದರೆ ಜಂಗಮವಾಡಿ ಎಂಬ ಬಡಾವಣೆ, ಅಲ್ಲಿನ ವೀರಶೈವ ಮಠದಿಂದ ಬಂದ ಹೆಸರು. ಅಕ್ಬರನಿಂದ ಔರಂಗಜೇಬನವರೆಗಿನ ಮೊಘಲರು ಜಂಗಮರಿಗೆ ಕೊಟ್ಟ ಫರ್ಮಾನುಗಳು ಆ ಮಠದಲ್ಲಿ ಉಳಿದಿವೆ. ಹನುಮಾನ್ ಘಾಟ್‌ನ ಮಗ್ಗುಲಲ್ಲಿ 20ನೇ ಶತಮಾನದ ಆರಂಭದಲ್ಲಿ ಮೈಸೂರು ಸಂಸ್ಥಾನ ಕಟ್ಟಿಸಿದ ಘಾಟ್ ಇದೆ. ರಾಜ್ಯದ ಹೆಸರು 1973ರಲ್ಲಿ ಬದಲಾಯಿತಲ್ಲ, ಈಗ ಅದು ಕರ್ನಾಟಕ ಘಾಟ್. ನಾಲ್ವಡಿ ಕೃಷ್ಣರಾಜ ಒಡೆಯರು ಬನಾರಸ್ ಹಿಂದೂ ವಿಶ್ವವಿದ್ಯಾಲಯದ ಮೊದಲ ಕುಲಾಧಿಪತಿಗಳು. ಹಾಸ್ಟೆಲಿನಲ್ಲಿ "ತುಮ್ ಮದ್ರಾಸೀ ಲೋಗ್" ಎಂದು ಯಾರಾದರೂ ಶುರು ಮಾಡಿದರೆ ನಾನು ಈ ಕೊನೆಯ ಮಾತನ್ನು ಎಸೆಯುತ್ತಿದ್ದೆ.

ಇಂಗ್ಲಿಷರು ಬಿಟ್ಟುಹೋದ ಶಬ್ದಗಳು ಊರಿನ ಉತ್ತರ ಭಾಗದಲ್ಲಿ, ಕಚೇರಿಗಳಿರುವ ಕಡೆ ಸಿಗುತ್ತವೆ. ಅರ್ದಲೀ ಬಾಜಾರ್ ಎಂಬ ಪೇಟೆ ಇದೆ. ‘ಅರ್ದಲೀ’ ಎಂದರೆ ಇಂಗ್ಲಿಷಿನ ಆರ್ಡರ್ಲಿ, ಸಾಹೇಬರ ಬಾಗಿಲಲ್ಲಿ ನಿಲ್ಲುವ ಜವಾನ. ‘ಇಂಗ್ಲಿಷಿಯಾ ಲೈನ್’ ಎಂಬ ರಸ್ತೆಯಿದೆ. ಆ ‘ಇಯಾ’ ಭೋಜಪುರಿಯ ಪ್ರೀತಿ, ಇಂಗ್ಲಿಷನ್ನೂ ಮನೆಮಗು ಮಾಡಿಕೊಂಡಿದೆ. ದೊಡ್ಡವರ ಹೆಸರುಗಳು ಮಾತ್ರ ನಿಲ್ಲಲಿಲ್ಲ. ಗಂಗೆಗೆ 1887ರಲ್ಲಿ ಕಟ್ಟಿದ ರೈಲು ಸೇತುವೆಗೆ ವೈಸ್‌ರಾಯ್ ಡಫರಿನ್‌ನ ಹೆಸರಿಟ್ಟಿದ್ದರು, 1948ರಲ್ಲಿ ಅದು ಮಾಳವೀಯ ಸೇತುವೆಯಾಯಿತು. ಆಟೋದವನಿಗೆ ಎರಡೂ ಬೇಡ, ರಾಜಘಾಟ್ ಪುಲ್ ಎಂದರೆ ಸಾಕು. ಮಂದಾಕಿನಿ ಎಂಬ ಕೊಳ ಜನರ ಬಾಯಲ್ಲಿ ‘ಮೈದಾಗಿನ್’ ಆಗಿ, ಕೊಳ ಹೋದರೂ ಹೆಸರು ನಿಂತಿದೆ. ನಮ್ಮ ಕ್ಯಾಂಪಸ್ಸಿನ ಗೇಟಿನ ಎದುರಿನ ಪೇಟೆಯ ಹೆಸರು ಲಂಕಾ. ತುಳಸೀದಾಸರ ಪರಂಪರೆಯ ರಾಮಲೀಲೆಯಲ್ಲಿ ಲಂಕೆಯ ದೃಶ್ಯ ನಡೆಯುತ್ತಿದ್ದ ಜಾಗ. ಮೊದಲ ವಾರ ಅಮ್ಮ ಫೋನ್ ಮಾಡಿ ಎಲ್ಲಿದ್ದೀಯ ಎಂದಾಗ "ಲಂಕೆಯಲ್ಲಿ" ಎಂದು ಹೇಳಿ ಹೆದರಿಸಿದ್ದೆ.

ನನ್ನ ಸಂಸ್ಥೆಯ ಹೆಸರೂ ನಾನಿರುವಾಗಲೇ ಬದಲಾಯಿತು. ನಾನು ಸೇರುವಾಗ ಅದು ಐಟಿ-ಬಿಎಚ್‌ಯು, 2012ರಲ್ಲಿ ಐಐಟಿ (ಬಿಎಚ್‌ಯು) ಆಯಿತು. ಅದೇ ಕಟ್ಟಡ, ಅದೇ ಲ್ಯಾಬು, ಅದೇ ಕೆಟ್ಟ ಫ್ಯಾನು. ಆದರೆ ನೋಟೀಸು ಬಂದ ರಾತ್ರಿ ಹಾಸ್ಟೆಲಿನಲ್ಲಿ ಸಿಹಿ ಹಂಚಿದೆವು. ಹೆಸರಿಂದ ಏನಾಗುತ್ತದೆ ಎಂದು ಕೇಳುವವರು ಕೆಲಸದ ಸಂದರ್ಶನಕ್ಕೆ ಕೂತು ನೋಡಲಿ.

ಹೆಂಗಸರ ಹೆಸರಿಗೆ ಬರುತ್ತೇನೆ. ಮಣಿಕರ್ಣಿಕಾ ಘಾಟ್ ಎಲ್ಲ ಬಲ್ಲದ್ದು. ಮಣಿ ಕೂಡಿಸಿದ ಕಿವಿಯೋಲೆ ಎಂದು ಅರ್ಥ, ಅದು ಅಲ್ಲಿ ಕಳಚಿ ಬಿತ್ತೆಂದು ಕಥೆ. ಆ ಹೆಸರಿನ ಒಬ್ಬ ಹುಡುಗಿ ವಾರಣಾಸಿಯಲ್ಲಿ ಹುಟ್ಟಿದಳು, ಮರಾಠಿ ಮನೆತನದಲ್ಲಿ. ಮನೆಯಲ್ಲಿ ಮನು ಎನ್ನುತ್ತಿದ್ದರು. 1842ರಲ್ಲಿ ಝಾನ್ಸಿಯ ಗಂಗಾಧರರಾಯರ ಜೊತೆ ಮದುವೆಯಾಯಿತು, ಪದ್ಧತಿಯಂತೆ ಹೊಸ ಹೆಸರಿಟ್ಟರು: ಲಕ್ಷ್ಮೀಬಾಯಿ. ಹದಿನೈದು ವರ್ಷದ ಮೇಲೆ ದೇಶಕ್ಕೆಲ್ಲ ಗೊತ್ತಾದದ್ದು ಆ ಎರಡನೆಯ ಹೆಸರು. ಅವಳು ಝಾನ್ಸಿಯ ರಾಣಿ ಆದದ್ದರಿಂದ ಮೊದಲ ಹೆಸರೂ ಪುಸ್ತಕಗಳಲ್ಲಿ ಉಳಿಯಿತು.

ನಮ್ಮಜ್ಜಿಯ ಮದುವೆ ನಡೆದದ್ದೂ ಅದೇ ಪದ್ಧತಿಯಲ್ಲಿ, ನೂರು ವರ್ಷ ಕಳೆದ ಮೇಲೂ. ಧಾರವಾಡ, ಗದಗಿನ ಕಡೆಯ ಕೆಲವು ಮನೆತನಗಳಲ್ಲಿ ಅದಿತ್ತು. ಅಜ್ಜಿ ಹೇಳಿದ್ದು ಹೀಗೆ: "ತಾಟಿನಾಗ ಅಕ್ಕಿ ಹರವಿ ಉಂಗುರಲೆ ಹೆಸರು ಬರದ್ರು. ನನಗ ಓದಲಿಕ್ಕೆ ಬರ್ತಿತ್ತು, ನಾಲ್ಕನೇತ್ತಾ ಕಲತಿದ್ದೆ. ಆದರ ತಲಿ ಎತ್ತೋ ಹಂಗಿರಲಿಲ್ಲ. ಯಾರೋ ಓದಿ ಹೇಳಿದ್ರು, ರಾಧಾ ಅಂತ." ಆ ಅಕ್ಕಿ ಏನಾಯಿತು ಎಂದು ಕೇಳಿದೆ. "ಏನಾಗ್ತದ? ಅನ್ನಾ ಮಾಡಿರಬೇಕು" ಎಂದು ನಕ್ಕಳು. ತವರಿನಿಂದ ಅಣ್ಣ ಬಂದಾಗ ಮಾತ್ರ ‘ಕಾಶೀ’ ಎಂದು ಕರೆಯುತ್ತಿದ್ದನಂತೆ. ಅವನು ಹೋದ ಮೇಲೆ ಹಾಗೆ ಕರೆಯುವವರು ಉಳಿಯಲಿಲ್ಲ.

ಲಕ್ಕುಂಡಿಗೆ ಹೋದವರು ಬ್ರಹ್ಮ ಜಿನಾಲಯ ನೋಡಿರುತ್ತೀರಿ, ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ್ದು. ಅವಳ ಹೆಸರು, ಬಿರುದು, ದಾನ ಎಲ್ಲ ಕಲ್ಲಿನ ಮೇಲಿವೆ. ವಾರಣಾಸಿಯ ಟಂಕಸಾಲೆಯಲ್ಲಿ 1820ರಿಂದ ಹತ್ತು ವರ್ಷ ಇದ್ದು ಆ ಊರಿನ ನಕ್ಷೆ ಮಾಡಿದ ಜೇಮ್ಸ್ ಪ್ರಿನ್ಸೆಪ್, ಮುಂದೆ 1837ರಲ್ಲಿ ಬ್ರಾಹ್ಮಿ ಲಿಪಿಯನ್ನು ಓದಿದ್ದು ಸಾಂಚಿಯ ಪುಟ್ಟ ದಾನಶಾಸನಗಳ ಸಹಾಯದಿಂದ. ಎಲ್ಲದರ ಕೊನೆಗೂ ಬರುವ ಎರಡಕ್ಷರ ‘ದಾನಂ’ ಇರಬೇಕೆಂದು ಊಹಿಸಿದ, ಬೀಗ ತೆರೆಯಿತು. ಆ ದಾನಿಗಳಲ್ಲಿ ಹೆಂಗಸರು ಬಹಳ. ಎರಡು ಸಾವಿರ ವರ್ಷದ ಹಿಂದಿನ ಹೆಂಗಸರ ಹೆಸರು ಇವತ್ತು ಓದಬಹುದು. ನಮ್ಮಜ್ಜಿಯ ಮೊದಲ ಹೆಸರು ಯಾವ ಕಾಗದದಲ್ಲೂ ಇಲ್ಲ. ನಾನು ಹುಡುಕಿದೆ. ಶಾಲೆಯ ದಾಖಲೆ ಹುಳ ತಿಂದು ಹೋಗಿದೆ ಎಂದರು.

ನನ್ನ ಕೊನೆಯ ಸೆಮಿಸ್ಟರಿನಲ್ಲಿ ಅಜ್ಜಿ ಹೋದಳು. ಕಾಶಿಗೆ ಕರೆತರುತ್ತೇನೆ ಎಂದಿದ್ದೆ, ಆಗಲಿಲ್ಲ. ಅಪ್ಪ ಅಸ್ಥಿ ತಗೊಂಡು ಬಂದರು. ಘಾಟ್‌ನಲ್ಲಿ ಪುರೋಹಿತರು ಅಪ್ಪನನ್ನು ಗೋತ್ರ ಕೇಳಿದರು, ಆಮೇಲೆ ತಾಯಿಯ ಹೆಸರು ಕೇಳಿದರು. ಅಪ್ಪ ‘ರಾಧಾಬಾಯಿ’ ಎಂದರು. ಮೆಟ್ಟಿಲ ಮೇಲೆ ಕೂತಿದ್ದ ನಾನು ಹಿಂದಿಯಲ್ಲಿ, "ಪಂಡಿತ್‌ಜೀ, ಅವರ ಹೆಸರು ಕಾಶಿ" ಎಂದೆ. ಅವರು ತಿರುಗಿ ನೋಡಿ, "ಊರು ನನಗೆ ಗೊತ್ತು ಬಿಟಿಯಾ, ಹೆಸರು ಹೇಳಿ" ಎಂದರು.

ಅಪ್ಪನಿಗೆ ಕೋಪ ಬಂತು. "ಮದುವಿಯೊಳಗ ಇಟ್ಟದ್ದs ಖರೇ ಹೆಸರು. ಎಲ್ಲಾ ಕರ್ಮ ಅದs ಹೆಸರಿಲೆ ಮಾಡೇನಿ" ಎಂದರು. ನಾನು ಮಾತು ಬೆಳೆಸಬಾರದಿತ್ತು, ಅದು ಆ ಹೊತ್ತಿನ ಮಾತಾಗಿರಲಿಲ್ಲ. ಆದರೂ ಅಕ್ಕಿಯ ಕಥೆ ಹೇಳಿಬಿಟ್ಟೆ, ಕನ್ನಡದಲ್ಲಿ ಅಪ್ಪನಿಗೆ, ಹಿಂದಿಯಲ್ಲಿ ಪುರೋಹಿತರಿಗೆ. ಅಪ್ಪನಿಗೆ ಅಕ್ಕಿಯ ಸಂಗತಿ ಗೊತ್ತಿರಲಿಲ್ಲ. ಹೆಸರು ಬದಲಾದದ್ದು ಗೊತ್ತಿತ್ತು, ತನ್ನ ತಾಯಿ ಅದನ್ನು ಓದಬಲ್ಲವಳಾಗಿದ್ದಳು ಎಂಬುದು ಗೊತ್ತಿರಲಿಲ್ಲ. ಸ್ವಲ್ಪ ಹೊತ್ತು ನೀರು ನೋಡುತ್ತಾ ಕೂತರು. ಆಮೇಲೆ ಪುರೋಹಿತರಿಗೆ ತಾವೇ, "ದೋನೋಂ ನಾಮ್ ಲೀಜಿಯೇ" ಎಂದರು. ಪುರೋಹಿತರು ಸಂಕಲ್ಪದಲ್ಲಿ ಎರಡೂ ಹೆಸರು ಹೇಳಿದರು, ಮೊದಲು ರಾಧಾ, ಆಮೇಲೆ ಕಾಶಿ.

ಈ ವರ್ಷ ನನ್ನ ಮಗಳಿಗೆ ಶಾಲೆಯಲ್ಲಿ ಫ್ಯಾಮಿಲಿ ಟ್ರೀ ಮಾಡಿಕೊಂಡು ಬನ್ನಿ ಎಂದು ಹೋಮ್‌ವರ್ಕ್ ಕೊಟ್ಟಿದ್ದರು. ಚಾರ್ಟಿನ ಮೇಲೆ ಮರ ಬರೆದು, ನನ್ನ ಅಪ್ಪನ ಅಮ್ಮನ ಎಲೆಯ ಹತ್ತಿರ ಸ್ಕೆಚ್ ಪೆನ್ ಹಿಡಿದು ಕೂತಿದ್ದಳು. "ಕಾಶಿ ಅಂತ ಬರಿ" ಎಂದೆ. ಇಂಗ್ಲಿಷಿನಲ್ಲಿ ಬರೆಯಬೇಕಿತ್ತು. "ಅಮ್ಮಾ, ಒಂದು ಎ ಸಾಕಾ, ಎರಡು ಎ ಹಾಕಲಾ?" ಎಂದು ಕೇಳಿದಳು.

ಎರಡು ಹಾಕು ಎಂದೆ.